ಮಕ್ಕಳನ್ನು ಕಡಲಿಗೆ ಕರ್ಕೊಂಡು ಹೋದದ್ದು ಕಸ ಹೆಕ್ಕಿಸ್ಲಿಕ್ಕಾ?

ಏಳನೇ ಕ್ಲಾಸಿನ ಟೀಚರ್
ಕಳೆದ ವಾರ ನಮ್ಮ ಯು.ಪಿ. ಶಾಲೆಯ ಆರು, ಏಳನೇ ಕ್ಲಾಸಿನ 38 ಮಕ್ಕಳನ್ನು ಕಡಲಿಗೆ ಕರ್ಕೊಂಡು ಹೋಗಿದ್ದೆವು. ಬೆಳಿಗ್ಗೆ ಕಾಸರಗೋಡು ಕಸಬಾದ ಮೀನು ಬಂದರು, ಆಮೇಲೆ ಬೇಕಲ ಕೋಟೆ ಕೆಳಗಿನ ಬಂಡೆಗಳು, ಊಟ ಆದ ಮೇಲೆ ಒಂದು ಗಂಟೆ ಬೀಚ್ ಕ್ಲೀನಿಂಗ್. ನಮ್ಮದು ಗುಡ್ಡೆ ಬದಿಯ ಶಾಲೆ, ಕಡಲು ಏನೂ ದೂರ ಇಲ್ಲ, ಆದ್ರೂ ಎಷ್ಟೋ ಮಕ್ಕಳು ಕಡಲು ನೋಡಿದ್ದು ಬಸ್ಸಿನ ಕಿಟಕಿಯಿಂದ ಮಾತ್ರ. ಈಗ ಪಿಟಿಎ ಗ್ರೂಪಲ್ಲಿ "ದುಡ್ಡು ಕೊಟ್ಟು ಕಸ ಹೆಕ್ಕಿಸಿದ್ರು, ಅದರ ಬದಲು ವಾಟರ್ ಪಾರ್ಕಿಗೆ ಹೋಗಬಹುದಿತ್ತು" ಅಂತ ಮಾತು ಬರ್ತಾ ಉಂಟು. ನಂಗೆ ನಿಜವಾಗಿ ಕೇಳ್ಬೇಕು, ನಾವು ಮಾಡಿದ್ದು ತಪ್ಪಾ? ಮುಂದಿನ ವರ್ಷ ಪುನಃ ಹೋಗ್ಲಿಕ್ಕೆ ಉಂಟು.

ಬದಿಯಡ್ಕದ ಅಪ್ಪ
ಗ್ರೂಪಲ್ಲಿ ಹೇಳಿದವರಲ್ಲಿ ನಾನೂ ಒಬ್ಬ ಟೀಚರ್, ಆದ್ರೆ ವಾಟರ್ ಪಾರ್ಕ್ ಅಂತ ಹೇಳಿದ್ದು ನಾನಲ್ಲ. ನಮ್ಮದು ಮೀನು ತಿನ್ನದ ಮನೆ, ಬಂದರಿಗೆ ಕರ್ಕೊಂಡು ಹೋದದ್ದಕ್ಕೂ ನನ್ನ ತಕರಾರಿಲ್ಲ, ಮಗಳು ಮನೆಗೆ ಬಂದು ಎರಡು ದಿನ ಅದನ್ನೇ ಹೇಳ್ತಾ ಇದ್ಳು. ನನ್ನ ತಕರಾರು ಆ ಒಂದು ಗಂಟೆಯದ್ದು. ಕೈಗೆ ಗ್ಲೌಸ್ ಇಲ್ಲ, ಒಬ್ಬ ಹುಡುಗನ ಕಾಲಿಗೆ ಬಾಟ್ಲಿ ಚೂರು ತಾಗಿದೆ. ಬಿಸಾಡಿದ್ದು ದೊಡ್ಡವರು, ಹೆಕ್ಕುವುದು ಹನ್ನೆರಡು ವರ್ಷದ ಮಕ್ಕಳಾ? 2025ರ ಮೇಯಲ್ಲಿ ಕೊಚ್ಚಿ ಆಚೆ ಕಡಲಲ್ಲಿ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿ ಕೊಲ್ಲಂ, ತಿರುವನಂತಪುರ ಬದಿಯ ದಡ ಇಡೀ ಪ್ಲಾಸ್ಟಿಕ್ ಕಾಳು ಬಂದು ಬಿತ್ತಲ್ಲ, ಅಂಥದ್ದಕ್ಕೆಲ್ಲ ಶಾಲೆ ಮಕ್ಕಳ ಗೋಣಿಚೀಲ ಉತ್ತರವಾ? "ಕಡಲು ಉಳಿಸುವುದು ನಿಮ್ಮ ಕೈಯಲ್ಲಿದೆ" ಅಂತ ಮಕ್ಕಳ ತಲೆ ಮೇಲೆ ಹೊರೆ ಹಾಕುವುದು ನಂಗೆ ಸರಿ ಕಾಣುವುದಿಲ್ಲ.

ಕಸಬಾ ಕಡಪ್ಪುರ
ಆ ದಿನ ನಾನು ಬಂದರಲ್ಲೇ ಇದ್ದೆ ಟೀಚರೇ, ಒಂದು ಮಾತು ಹೇಳ್ಲೇಬೇಕು. ನಿಮ್ಮ ಜೊತೆ ಬಂದ ಕ್ಲಾಸ್ ತಗೊಳ್ಳುವವರು ಬೋಟಿನ ಕಡೆ ಕೈ ತೋರಿಸಿ "ಇವರು ಮರಿ ಮೀನನ್ನೆಲ್ಲ ಬಾಚಿ ತೆಗೆದದ್ದರಿಂದ ಕಡಲು ಖಾಲಿ ಆಯ್ತು" ಅಂತ ಹೇಳಿದ್ರು, ನಾವು ಅಲ್ಲೇ ನಿಂತಿದ್ದೇವೆ, ನಮ್ಮನ್ನು ಒಂದು ಮಾತು ಕೇಳ್ಲಿಲ್ಲ. ಮತ್ತೆ ನಿಮ್ಮ ಒಬ್ಬ ಹುಡುಗ ಚೀಲದಿಂದ ಸ್ಕೇಲ್ ತೆಗೆದು ಬುಟ್ಟಿಯ ಬೂತಾಯಿ ಮೀನು ಅಳೀಲಿಕ್ಕೆ ಶುರು ಮಾಡಿದ, ಒಂದು ಎಂಟೂವರೆ ಸೆಂಟಿಮೀಟರ್, ಇನ್ನೊಂದು ಹದಿಮೂರು. ಮೊದಲು ಸಿಟ್ಟು ಬಂತು. ಆಮೇಲೆ ಅವನ ಹತ್ರ ಕೂತು ಹೇಳಿದೆ, ಮಗಾ 10 ಸೆಂಟಿಮೀಟರಿಗಿಂತ ಸಣ್ಣ ಬೂತಾಯಿ ಹಿಡೀಬಾರದು ಅಂತ ಕೇರಳದಲ್ಲಿ 2015ರಿಂದ ಕಾನೂನು ಉಂಟು, ಬಂಗುಡೆಗೆ 14, ಆದ್ರೆ ಬಲೆ ಎಳೆದಾಗ ಎಲ್ಲ ಒಟ್ಟಿಗೇ ಬರ್ತದೆ, ಮೇಲೆ ಬರುವಾಗ ಅರ್ಧ ಸತ್ತಿರ್ತದೆ, ಮೀನು ಹುಡಿ ಮಾಡುವ ಫಿಶ್‌ಮಿಲ್‌ನವರು ಸಣ್ಣದಕ್ಕೂ ರೇಟ್ ಕೊಡ್ತಾರೆ, ಅಲ್ಲಿ ಆಸೆ ಹುಟ್ಟುವುದು ಅಂತ. ನಾವು ತಪ್ಪೇ ಮಾಡ್ಲಿಲ್ಲ ಅಂತ ನಾನು ಹೇಳುದಿಲ್ಲ. ಆದ್ರೆ ದೊಡ್ಡ ಬೋಟುಗಳು ಮಳೆಗಾಲದಲ್ಲಿ ಸರ್ಕಾರದ ನಿಷೇಧದಿಂದ 52 ದಿನ ದಡದಲ್ಲಿ ಕೂತಿರ್ತಾವೆ, ತಲಪಾಡಿ ದಾಟಿದ್ರೆ ಕರ್ನಾಟಕದಲ್ಲಿ 61 ದಿನ, ಅದನ್ನೂ ಮಕ್ಕಳಿಗೆ ಹೇಳ್ಬೇಕಲ್ಲ.

ಕುಂಬಳೆ ಝುವಾಲಜಿ
ಅಣ್ಣ ಹೇಳಿದ್ದು ಹೌದು. ಬೂತಾಯಿ ಕಮ್ಮಿ ಆದದ್ದಕ್ಕೆ ಬರೀ ಬಲೆ ಕಾರಣ ಅಲ್ಲ. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ಲೆಕ್ಕದಲ್ಲಿ 2012ರಲ್ಲಿ ಕೇರಳಕ್ಕೆ ಸಿಕ್ಕಿದ್ದು ಹತ್ತಿರ ಹತ್ತಿರ 4 ಲಕ್ಷ ಟನ್, 2021ರಲ್ಲಿ 3,297 ಟನ್. ಲಕ್ಷ ಅಲ್ಲ, ಬರೀ ಮೂರು ಸಾವಿರ ಚಿಲ್ಲರೆ. ಕಡಲ ನೀರು ಬಿಸಿ ಆಗುವುದು, ಪೆಸಿಫಿಕ್ ಕಡಲು ಬಿಸಿಯಾಗಿ ಹವೆ ಬದಲಾಗುವ ಎಲ್ ನಿನೋ, ಮರಿ ಹಿಡಿಯುವುದು, ಎಲ್ಲ ಒಟ್ಟಿಗೆ ಸೇರಿದೆ ಅದ್ರಲ್ಲಿ.

ಆದ್ರೆ ಟೀಚರ್, ನನ್ನ ಬೇಜಾರು ಬೇರೆ. ಬಂಡೆ ಹತ್ರ ಎಷ್ಟು ಹೊತ್ತು ಇದ್ರಿ?

ಏಳನೇ ಕ್ಲಾಸಿನ ಟೀಚರ್
ಮುಕ್ಕಾಲು ಗಂಟೆ ಇದ್ದಿರಬಹುದು. ನೀರು ಏರ್ತಾ ಇತ್ತು.

ಕುಂಬಳೆ ಝುವಾಲಜಿ
ಅದೇ ನಾನು ಹೇಳುದು, ಅಲ್ಲೇ ಅರ್ಧ ದಿನ ಬೇಕಿತ್ತು. ಬಂಡೆ ಮೇಲೆ ಸುಣ್ಣದ ಗುಳ್ಳೆ ಹಾಗೆ ಅಂಟಿಕೊಂಡು ಕಾಲಿಗೆ ಚುಚ್ಚುತ್ತದಲ್ಲ ಬಾರ್ನಕಲ್, ಅದು ಚಿಪ್ಪಿನ ಜಾತಿ ಅಲ್ಲ, ಏಡಿ ಸಿಗಡಿಯ ಸಂಬಂಧ. ತಲೆ ಬಂಡೆಗೆ ಅಂಟಿಸಿಕೊಂಡು ಜೀವಮಾನ ಇಡೀ ಅಲ್ಲೇ ಇರ್ತದೆ, ನೀರು ಬಂದಾಗ ಬಾಗಿಲು ತೆರೆದು ಗರಿ ಹಾಗಿರುವ ಕಾಲು ಹೊರಗೆ ಹಾಕಿ ಬೀಸಿ ಬೀಸಿ ಊಟ ಒಳಗೆ ಎಳೀತದೆ. ಒಂದು ಗುಂಡಿ ಪಕ್ಕ ಹತ್ತು ನಿಮಿಷ ಅಲುಗಾಡದೆ ಕೂತ್ರೆ ಕಣ್ಣಿಗೆ ಕಾಣ್ತದೆ. ಮರಳಲ್ಲಿ ಸಾಸಿವೆ, ಕಡಲೆಯಷ್ಟು ದೊಡ್ಡ ಉಂಡೆ ಉಂಡೆ ಹರಡಿರ್ತದಲ್ಲ, ಅದು ಬೆರಳಿನ ಉಗುರಷ್ಟು ಇರುವ ಏಡಿ ಮರಳು ಬಾಯಿಗೆ ಹಾಕಿ ತಿನ್ನುವಂಥದ್ದು ತಿಂದು ಬಿಟ್ಟ ಉಂಡೆ, ಮುಂದಿನ ಭರತಕ್ಕೆ ಎಲ್ಲ ಅಳಿಸಿ ಹೋಗ್ತದೆ, ಅದು ಪುನಃ ಶುರು ಮಾಡ್ತದೆ. ಇದು ನೋಡಿದ ಮಗುವಿಗೆ "ಪ್ಲಾಸ್ಟಿಕ್ ಬಿಸಾಡಬೇಡ" ಅಂತ ಬೇರೆ ಹೇಳ್ಬೇಕಾ? ಇನ್ನೊಂದು, ಮಕ್ಕಳು ಶಂಖ ಚಿಪ್ಪು ಮನೆಗೆ ತಂದ್ರಾ?

ಏಳನೇ ಕ್ಲಾಸಿನ ಟೀಚರ್
ತಂದ್ರು. ಎರಡು ದೊಡ್ಡ ಕವರ್ ತುಂಬ. ಎಕ್ಸಿಬಿಷನ್‌ಗೆ ಆಗ್ತದೆ ಅಂತ ನಾನೇ ಹೇಳಿದ್ದು.

ಕುಂಬಳೆ ಝುವಾಲಜಿ
ಹರ್ಮಿಟ್ ಏಡಿಗೆ ಸ್ವಂತ ಗಟ್ಟಿ ಚಿಪ್ಪು ಹಿಂದಿನ ಭಾಗಕ್ಕೆ ಇಲ್ಲ ಟೀಚರ್, ಖಾಲಿ ಶಂಖವೇ ಅದರ ಮನೆ, ಮೈ ಬೆಳೆದ ಹಾಗೆ ದೊಡ್ಡದು ಹುಡುಕಬೇಕು. ನಾವು ಪ್ಲಾಸ್ಟಿಕ್ ಹೆಕ್ಕಿ ಜೊತೆಗೆ ಅದರ ಮನೆಯನ್ನೂ ಹೆಕ್ಕಿ ತಂದ ಹಾಗಾಯ್ತು.

ಏಳನೇ ಕ್ಲಾಸಿನ ಟೀಚರ್
ಇದು ನಂಗೆ ಗೊತ್ತಿರ್ಲಿಲ್ಲ. ಸೋಮವಾರ ಕ್ಲಾಸಲ್ಲಿ ಹೇಳ್ತೇನೆ, ಕವರ್ ಹಾಗೇ ಉಂಟು, ವಾಪಸು ಹಾಕಿ ಬರುವ ವ್ಯವಸ್ಥೆ ನೋಡ್ತೇನೆ.

ಉಪ್ಪಳದ ಅಮ್ಮ
ಕಡಲಾಮೆ ವಿಷಯ ಹೇಳಿದ್ರಾ ಮಕ್ಕಳಿಗೆ? ನೀಲೇಶ್ವರದ ಹತ್ರ ತೈಕ್ಕಡಪ್ಪುರದಲ್ಲಿ ಮೊಟ್ಟೆ ಕಾದು ಮರಿ ಬಿಡ್ತಾರೆ, ಒಂದು ಗೂಡಲ್ಲಿ ನೂರರಷ್ಟು ಮೊಟ್ಟೆ, ಒಡೀಲಿಕ್ಕೆ ಒಂದೂವರೆ ಎರಡು ತಿಂಗಳು. ಮರಳು ಜಾಸ್ತಿ ಬಿಸಿ ಆದ್ರೆ ಹೆಣ್ಣು ಮರಿಗಳೇ ಜಾಸ್ತಿ ಅಂತೆ. ಆದ್ರೆ ನಮ್ಮ ಬದಿಯಲ್ಲಿ ಕಡಲ್ಕೊರೆತಕ್ಕೆ ಕಲ್ಲು ಹಾಕಿ ಅಂತ ನಾವೇ ಧರಣಿ ಕೂತವರು, ಮನೆ ಅಂಗಳಕ್ಕೆ ನೀರು ಬರುವಾಗ ಬೇರೆ ಎಂತ ಕೇಳುದು. ಕಲ್ಲು ಬಿದ್ದ ಮೇಲೆ ಆಮೆ ಹತ್ತುವ ಜಾಗ ಇಲ್ಲ. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ, ರಾತ್ರಿ ನಿದ್ದೆ ಬರದಾಗ ಯೋಚನೆ ಮಾಡಿದ್ದುಂಟು.

ಮತ್ತೆ ಮುಖ್ಯ ವಿಷಯ, ಮಕ್ಕಳಿಗೆ ಕೊಟ್ಟ ಪೇಪರ್ ಪೂರ್ತಿ ಮಲಯಾಳದಲ್ಲಿತ್ತು ಅಂತ ಕೇಳಿದೆ, ಹೌದಾ?

ಬದಿಯಡ್ಕದ ಅಪ್ಪ
ಹೌದು ಅಕ್ಕ, ಅದು ದೊಡ್ಡ ಬೇಸರ. ಕನ್ನಡ ಮೀಡಿಯಂ ಮಕ್ಕಳು ಅಂತ ಮೊದಲೇ ಬರೆದು ಕೊಟ್ಟಿದ್ರಂತೆ, ಆದ್ರೂ ಕ್ಲಾಸೂ ಮಲಯಾಳ, ಪೇಪರೂ ಮಲಯಾಳ. ಮಗಳು ಚಿತ್ರ ನೋಡಿ ತಿಳ್ಕೊಂಡದ್ದು.

ಕಸಬಾ ಕಡಪ್ಪುರ
ಹೆಸರಿನ ಪಟ್ಟಿ ನಾನು ಮಾಡಿ ಕೊಡ್ತೇನೆ. ಬೂತಾಯಿಗೆ ಮಲಯಾಳದಲ್ಲಿ ಮತ್ತಿ, ಬಂಗುಡೆಗೆ ಅಯಿಲ, ತೊರಕೆಗೆ ತಿರಂಡಿ, ಪಚ್ಚಿಲೆಗೆ ಕಲ್ಲುಮ್ಮಕ್ಕಾಯಿ. ಮತ್ತೆ ದಿನ ನೋಡಿ ಹೋಗಿ ಟೀಚರೇ, ಅಮಾಸೆ ಹುಣ್ಣಿಮೆ ಹತ್ತಿರ ನೀರು ಜಾಸ್ತಿ ಇಳೀತದೆ, ಬಂಡೆ ಪೂರಾ ಕಾಣ್ತದೆ. ಎರಡು ದಿನ ಮುಂಚೆ ತಿಳಿಸಿದ್ರೆ ನಾನೂ ಬರ್ತೇನೆ, ತುಂಡಾದ ಬಲೆ ಕಡಲಲ್ಲಿ ಬಿದ್ದು ಎಂತ ಮಾಡ್ತದೆ ಅಂತ ಬಲೆ ಬಿಡಿಸಿಯೇ ತೋರಿಸ್ಬೇಕು.

ಬದಿಯಡ್ಕದ ಅಪ್ಪ
ಅಣ್ಣ ನೀವು ಬಂದ್ರೆ ಒಳ್ಳೇದು. ಆದ್ರೂ ಕಸದ ವಿಷಯದಲ್ಲಿ ನನ್ನ ಮಾತು ಅದೇ. ಬೇಕಾದ್ರೆ ಅಪ್ಪಂದಿರು ನಾವು ಮಕ್ಕಳು ಹೋಗುವುದಕ್ಕೆ ಹಿಂದಿನ ಭಾನುವಾರ ಹೋಗಿ ಹೆಕ್ಕುವ, ಮಕ್ಕಳು ಬಂದು ನೋಡ್ಲಿ.

ಏಳನೇ ಕ್ಲಾಸಿನ ಟೀಚರ್
ಮಕ್ಕಳು ಹೆಕ್ಕಲೇಬಾರದು ಅಂತ ನಂಗೆ ಈಗಲೂ ಅನಿಸುದಿಲ್ಲ, ಅದನ್ನು ಪಿಟಿಎಯಲ್ಲಿ ಕೂತು ಮಾತಾಡುವ. ಗ್ಲೌಸ್ ಇಲ್ಲದ್ದು ನಮ್ಮದೇ ತಪ್ಪು, ಆ ಹುಡುಗನ ಮನೆಗೆ ಹೋಗಿ ಬಂದಿದ್ದೇನೆ, ಗಾಯ ಒಣಗಿದೆ. ಕಸಬಾದ ಅಣ್ಣ, ಪಟ್ಟಿಗೆ ಇನ್ನೊಂದು ಹೆಸರು ಬೇಕಿತ್ತು. ಬಂಡೆ ಸಂದಿನಲ್ಲಿ ಕಪ್ಪು ಮುಳ್ಳಿನ ಚೆಂಡು ಹಾಗೆ ಒಂದು ಅಂಟಿಕೊಂಡಿತ್ತು, ಪುಸ್ತಕದಲ್ಲಿ ಅದಕ್ಕೆ ಸೀ ಅರ್ಚಿನ್ ಅಂತ ಉಂಟು. ನಿಮ್ಮ ಮನೆಯ ಹಿರಿಯರು ಅದಕ್ಕೆ ಎಂತ ಹೇಳ್ತಾರೆ?