1910ರ ಜರ್ಮನ್ 1000 ಮಾರ್ಕ್, ಹಸಿರು ಸೀಲು: ನಿಜಕ್ಕೂ ಅಷ್ಟು ಹಳೆಯದೇ?

ನೋಟುಹುಳ:
ಕಂದು ಬಣ್ಣದ 1000 ಮಾರ್ಕ್ ನೋಟು, ಮೇಲೆ ಬರ್ಲಿನ್, 21 ಏಪ್ರಿಲ್ 1910 ಅಂತಿದೆ. ಸೀಲು ಹಸಿರು. ಮಾರುವವರು ‘ಮಹಾಯುದ್ಧಕ್ಕೂ ಮುಂಚಿನದು, ಅಪರೂಪ’ ಅನ್ನುತ್ತಿದ್ದಾರೆ. ಜೊತೆಗೆ 15 ಡಿಸೆಂಬರ್ 1922ರ ಇನ್ನೊಂದು 1000ದ ನೋಟು; ಅದರ ಮೇಲೆ ಕೆಂಪಕ್ಷರದಲ್ಲಿ ‘ಐನೆ ಮಿಲಿಯಾರ್ಡೆ ಮಾರ್ಕ್’ ಅಂತ ಒತ್ತಿದ್ದಾರೆ. ಇದು ಮಿಲಿಯನ್ನೋ ಬಿಲಿಯನ್ನೋ? ಅಸಲಿಯೋ ನಕಲಿಯೋ ಅಂತ ಮನೆಯಲ್ಲೇ ನೋಡೋದು ಹೇಗೆ? ಎರಡೂ ಮೆತ್ತನೆಯ ಪ್ಲಾಸ್ಟಿಕ್ ಕವರಿನಲ್ಲಿವೆ. ಒಂದರ ಹಿಂದೆ ಟೇಪ್ ಬೇರೆ ಅಂಟಿಸಿದ್ದಾರೆ.

ಕಾಗದಪ್ರಿಯ:
ಅಪರೂಪದ ಮಾತು ಬಿಡಿ. ನೋಟಿನ ಮೇಲಿನ ತಾರೀಖು ಅದು ಅಚ್ಚಾದ ದಿನದ್ದಲ್ಲ. ಯುದ್ಧ ಮುಗಿದ ಮೇಲೂ 1910ರ ತಾರೀಖನ್ನು ಹಾಗೇ ಉಳಿಸಿಕೊಂಡು ಅದೇ ನೋಟು ಅಚ್ಚು ಹಾಕುತ್ತಾ ಹೋದರು, ಸೀಲಿನ ಬಣ್ಣ ಮಾತ್ರ ಬದಲಾಯಿತು. ಕೆಂಪು ಸೀಲು ಮೊದಲಿನದು, ಪಿಕ್ ನಂಬರ್ (ನೋಟು ಸಂಗ್ರಾಹಕರ ಕ್ಯಾಟಲಾಗಿನ ಸಂಖ್ಯೆ) 44. ನಿಮ್ಮ ಹಸಿರಿನದು ಯುದ್ಧದ ನಂತರದ್ದು, ಪಿಕ್ 45. ರಾಶಿ ರಾಶಿ ಉಳಿದಿದೆ. ಹಣದುಬ್ಬರದಲ್ಲಿ ಬೆಲೆ ಹೋದ ಮೇಲೆ ಬ್ಯಾಂಕಿಗೆ ಹೊತ್ತೊಯ್ದು ಕೊಡುವ ಗೋಜಿಗೆ ಯಾರು ಹೋಗುತ್ತಾರೆ?

ಮಿಲಿಯಾರ್ಡೆ ಅಂದರೆ ಒಂದರ ಮುಂದೆ 9 ಸೊನ್ನೆ, ನೂರು ಕೋಟಿ. ಜರ್ಮನ್ನರ ‘ಬಿಲಿಯೋನ್’ಗೆ 12 ಸೊನ್ನೆ, ಅಂದರೆ ಲಕ್ಷ ಕೋಟಿ. ಇಂಗ್ಲಿಷಿನ ಬಿಲಿಯನ್ ಅಂತ ಓದಿಕೊಂಡರೆ ಸಾವಿರ ಪಟ್ಟು ತಪ್ಪುತ್ತದೆ. ನಮ್ಮ ಕೋಟಿ ಲೆಕ್ಕವೇ ವಾಸಿ. 1923ರ ನವೆಂಬರಿನಲ್ಲಿ ಹೊಸದಾಗಿ ಬಂದ ಹಣ ರೆಂಟನ್‌ಮಾರ್ಕ್, ಅದು ಒಂದು ಅಂದರೆ ಲಕ್ಷ ಕೋಟಿ ಹಳೇ ಮಾರ್ಕ್.

ಲೆನ್ಸ್‌ಧಾರಿ:
10 ಪಟ್ಟಿನ ಲೆನ್ಸ್ ತಗೊಂಡು ಮೊದಲು ಸೀಲು, ನಂಬರ್ ನೋಡಿ. ಅಚ್ಚುಮೊಳೆಯಲ್ಲಿ ಒತ್ತಿದ ಅಂಕಿಯ ಅಂಚಿಗೆ ಶಾಯಿ ಹಿಂಡಿಕೊಂಡು ಗಾಢವಾದ ಗೆರೆ ಕಟ್ಟಿರುತ್ತದೆ, ನಡುವೆ ತುಸು ತೆಳು. ಕೆಲವೊಮ್ಮೆ ನೋಟಿನ ಹಿಂಭಾಗದಲ್ಲೂ ಅಂಕಿ ಸಣ್ಣಗೆ ಉಬ್ಬಿರುತ್ತದೆ. ಅದರ ಬದಲು ನೀಲಿ, ಗುಲಾಬಿ, ಹಳದಿ ಚುಕ್ಕಿಗಳು ಸೇರಿ ಬಣ್ಣವಾಗಿದ್ದರೆ ಅದು ಸ್ಕ್ಯಾನ್ ಮಾಡಿ ತೆಗೆದ ಪ್ರಿಂಟು, ಮುಂದೆ ನೋಡುವುದೇ ಬೇಡ.

ಆಮೇಲೆ ನೀರಚ್ಚು, ಅಂದರೆ ವಾಟರ್‌ಮಾರ್ಕ್. ಬೆಳಕಿಗೆ ಹಿಡಿದಾಗ ಮಾತ್ರ ಕಾಣಬೇಕು. ಮೇಜಿನ ಮೇಲಿಟ್ಟಾಗಲೇ ಮಾಸಲು ಚಿತ್ರ ಕಂಡರೆ ಅದನ್ನು ಶಾಯಿಯಲ್ಲಿ ಮುದ್ರಿಸಿದ್ದಾರೆ ಅಂತ ಅರ್ಥ. ಕೊನೆಗೆ ಕತ್ತಲಲ್ಲಿ 365 ನ್ಯಾನೋಮೀಟರಿನ ಯುವಿ ಟಾರ್ಚ್ ಬಿಡಿ. ಆ ಕಾಲದ ಕಾಗದಕ್ಕೆ ಯುವಿಯಲ್ಲಿ ಹೊಳೆಯುವ ಬಿಳುಪುಕಾರಕ ರಾಸಾಯನಿಕ ಬೆರೆಸುತ್ತಿರಲಿಲ್ಲ, ಹಾಗಾಗಿ ಮಂಕಾಗಿರಬೇಕು. ನೀಲಿಯಾಗಿ ಹೊಳೆದರೆ ನಕಲಿ.

ಕಾಗದಪ್ರಿಯ:
ಕೊನೆಯ ಮಾತಿಗೆ ಸಣ್ಣ ತಕರಾರು. ಅಸಲಿ ನೋಟನ್ನು ಡಿಟರ್ಜೆಂಟ್‌ನಲ್ಲಿ ತೊಳೆದಿದ್ದರೂ ನೀಲಿ ಹೊಳೆಯುತ್ತದೆ. ಆ ಪುಡಿಯಲ್ಲೂ ಅದೇ ಬಿಳುಪುಕಾರಕ ಇರುತ್ತದಲ್ಲ. ಹೊಳೆದರೂ ಲೆನ್ಸಿನಲ್ಲಿ ಮುದ್ರಣ ಸರಿಯಿದ್ದರೆ ತೊಳೆದದ್ದು ಅಂತ ಅನುಮಾನಿಸಿ. ತೊಳೆದ ನೋಟಿನ ಗಂಜಿ ಹೋಗಿರುತ್ತದೆ, ಅಲ್ಲಾಡಿಸಿದರೆ ಗರಗರ ಅನ್ನುವುದಿಲ್ಲ, ಬಟ್ಟೆಯಂತೆ ಜೋತು ಬೀಳುತ್ತದೆ. ಇಸ್ತ್ರಿ ಹಾಕಿ ಮಡಿಕೆ ಮುಚ್ಚಿದ್ದರೆ ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಕು ಬಿಡಿ, ಮುರಿದ ನಾರಿನ ಗೆರೆ ನೆರಳಾಗಿ ಎದ್ದು ಕಾಣುತ್ತದೆ.

ನೋಟುಹುಳ:
ಸೀಲಿನಲ್ಲಿ ಚುಕ್ಕಿಗಳಿಲ್ಲ, ಅಂಚು ಗಾಢವಾಗಿದೆ, ಹೊಳಪಿಲ್ಲ. ಟೇಪ್ ಕಿತ್ತುಬಿಡಲೇ?

ಲೆನ್ಸ್‌ಧಾರಿ:
ಮುಟ್ಟಲೇಬೇಡಿ. ಕಿತ್ತರೆ ಕಾಗದದ ಮೇಲ್ಪದರವೂ ಮುದ್ರಣವೂ ಅದರ ಜೊತೆಗೇ ಬರುತ್ತವೆ. ಥಿನ್ನರ್ ಹಾಕಿದರೆ ಅಂಟು ಕರಗಿ ಒಳಗಿಳಿದು ಕಂದು ಕಲೆ ಆಗುತ್ತದೆ, ಸೀಲಿನ ಶಾಯಿಯೂ ಹರಡಬಹುದು. ಆ ಮೆತ್ತನೆಯ ಕವರನ್ನು ಮಾತ್ರ ಇವತ್ತೇ ಬದಲಿಸಿ. ಅದು ಪಿವಿಸಿ ಇರಬೇಕು. ಮೆತ್ತಗಾಗಲು ಬೆರೆಸಿದ ಎಣ್ಣೆಯಂಥ ವಸ್ತು ಹೊರಬಂದು ಕಾಗದಕ್ಕೆ ಜಿಡ್ಡು ಹಿಡಿಸುತ್ತದೆ. ಪಾಲಿಯೆಸ್ಟರ್ ಕವರ್ ತಗೊಳ್ಳಿ, ನೋಟಿಗಿಂತ ಸುತ್ತಲೂ ಕೆಲವು ಮಿಲಿಮೀಟರ್ ದೊಡ್ಡದಿರಲಿ. ಪಿಕ್ ನಂಬರನ್ನು ಬೇರೆ ಚೀಟಿಯಲ್ಲಿ ಬರೆದು ಕವರಿನ ಹೊರಗಿಡಿ, ನೋಟಿನ ಮೇಲೆ ಪೆನ್ಸಿಲ್ಲಿನಲ್ಲೂ ಬೇಡ.