ಅಪ್‌ಡೇಟ್: ಕರಿಯನ ನೆನಪಿಗೆ ಕೊನೆಗೆ ಏನು ಮಾಡಿದೆವು
ಹೋದ ತಿಂಗಳು ಕೇಳಿದ್ದೆನಲ್ಲ, 11 ವರ್ಷ ಜೊತೆಗಿದ್ದ ನಮ್ಮ ನಾಯಿ ಕರಿಯ ತೀರಿಕೊಂಡ, ಅವನ ನೆನಪಿಗೆ ಏನು ಮಾಡಲಿ ಅಂತ. ಹುಬ್ಬಳ್ಳಿ ಬಸ್ ನಿಲ್ದಾಣದ ಹತ್ತಿರ ಕಾಲು ಮುರಿದು ಬಿದ್ದಿದ್ದ ಮರಿ ಅವನು.

ಗಿಡ ನೆಡಿ ಅಂದವರ ಮಾತು ಕೈ ಹಿಡಿಯಿತು. ಧಾರವಾಡದಲ್ಲಿ ಈಗ ಜಿಟಿಜಿಟಿ ಮಳೆ, ಹಿತ್ತಲಲ್ಲಿ ಬೇವಿನ ಸಸಿ ಆಗಲೇ ಚಿಗುರಿದೆ. ಆದರೆ ಅವನನ್ನು ಹೂತ ಜಾಗದ ಮೇಲೇ ನೆಡಲಿಲ್ಲ. ಮಣ್ಣು ಕುಸಿಯುತ್ತದೆ, ಮೂರು ಅಡಿ ಆಚೆ ಹಾಕಿ ಅಂದಿದ್ದರು ನರ್ಸರಿಯವರು. ನಿಜ, ನಾಲ್ಕು ಮಳೆಗೇ ಅಲ್ಲಿ ತಗ್ಗು ಬಿತ್ತು.

ನೆನಪಿಗೆ ಅವನ ಪಂಜದ ಅಚ್ಚು ತೆಗೆದಿಡೋಣ ಅಂದರೆ ತಡವಾಗಿತ್ತು, ಆಗಲೇ ಹೂತಾಗಿತ್ತು. ದೊಡ್ಡ ಫೋಟೊ ಮಾಡಿಸಿದೆ, ಅವ್ವ ಅದರ ಮುಂದೆ ಕೂತು ಅಳೋದೇ ಜಾಸ್ತಿ ಆಯ್ತು. ಸದ್ಯ ಕಪಾಟಿನಲ್ಲಿದೆ.

ಹಾಸಿಗೆ, ಬಟ್ಟಲು ಬೀದಿನಾಯಿ ಸಾಕುವವರಿಗೆ ಕೊಟ್ಟೆವು. ಅವರು ಮೊದಲು ಕೇಳಿದ್ದು, ‘ಪಾರ್ವೋ ಆಗಿತ್ತಾ?’ ಅಂತ. ಪಾರ್ವೋ ಅಂದರೆ ನಾಯಿಗಳಿಗೆ ಬರುವ ಅಂಟುರೋಗ, ಅದರ ವೈರಸ್ ಇಂಥ ಸಾಮಾನಿನ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಬರೀ ಸೋಪಿಗೆ ಹೋಗಲ್ಲ, ಬ್ಲೀಚ್ ಬೇಕು. ಇದು ನನಗೆ ಗೊತ್ತೇ ಇರಲಿಲ್ಲ. ಕರಿಯನದು ಕಿಡ್ನಿ ತೊಂದರೆ, ಹಾಗಾಗಿ ತಗೊಂಡರು.

ಇನ್ನೊಂದು ಹೇಳಲೇಬೇಕು. ಮೊನ್ನೆ ಓಣಿ ತುದಿಯ ಚಹಾದಂಗಡಿ ಕಾಕಾ, ‘ನಮ್ಮ ರಾಜಾ ಎಲ್ಲಿ ಹೋದನ್ರಿ, ಕಾಣವಲ್ಲ?’ ಅಂದರು. ಯಾವ ರಾಜಾ ಅಂದೆ. ನಮ್ಮ ಕರಿಯನೇ! ದಿನಾ ಬೆಳಿಗ್ಗೆ ಅಲ್ಲಿ ಎರಡು ಟೋಸ್ಟ್ ತಿಂದು, ಏನೂ ಗೊತ್ತಿಲ್ಲದವನ ಹಾಗೆ ಬಂದು ನಮ್ಮ ಪಥ್ಯದ ಅನ್ನಕ್ಕೆ ಮೂತಿ ತಿರುವುತ್ತಿದ್ದನಂತೆ. ಕಳ್ಳ. ಅವ್ವ ತಿಂಗಳಾದ ಮೇಲೆ ಮೊದಲ ಸಲ ನಕ್ಕರು.