ಒಂದೇ ಟ್ಯಾಗ್ ಎರಡು ಸಲ ಕಾಣಿಸುತ್ತಿದೆ: ತರಗತಿಯ ಹಂಚಿಕೆಯ ಬುಕ್‌ಮಾರ್ಕ್ ಸಂಗ್ರಹದಲ್ಲಿ ಕನ್ನಡ ಟ್ಯಾಗ್‌ಗಳ ಸಮಸ್ಯೆ

ನಾಲೆಬಯಲು (ಮಂಡ್ಯ):

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಸ್ನಾತಕೋತ್ತರ ಇತಿಹಾಸ ತರಗತಿಗೆ ಪಾಠ ಮಾಡುತ್ತೇನೆ. ಈ ಸೆಮಿಸ್ಟರ್‌ನಲ್ಲಿ ಕಾವೇರಿ ನೀರಾವರಿಯ ಇತಿಹಾಸವನ್ನು ಕಲಿಸುತ್ತಿದ್ದು, ವಿದ್ಯಾರ್ಥಿಗಳು ತಾವು ಓದಿದ ಲೇಖನ, ವರದಿ, ತೀರ್ಪುಗಳ ಕೊಂಡಿಗಳನ್ನು ಇಡೀ ತರಗತಿಗೆ ಕಾಣುವಂತೆ ಒಂದೆಡೆ ಕೂಡಿಹಾಕಿ, ಪ್ರತಿಯೊಂದಕ್ಕೂ ಟ್ಯಾಗ್‌ಗಳನ್ನೂ ಎರಡು ಸಾಲಿನ ಟಿಪ್ಪಣಿಯನ್ನೂ ಬರೆಯಬೇಕೆಂದು ಹೇಳಿದ್ದೇನೆ. ನಾನು ಓದುವ ಕಾಲದಲ್ಲಿ ಇದಕ್ಕೆ ಡೆಲಿಷಿಯಸ್ ಎಂಬ ಜಾಲತಾಣ ಇತ್ತು. ಈಗ ಆಕರಗಳನ್ನು ಕೂಡಿಡುವ ಜೊಟೆರೊ ತಂತ್ರಾಂಶದ ಗ್ರೂಪ್ ಲೈಬ್ರರಿಯನ್ನು, ಅಂದರೆ ಗುಂಪಿನ ಹಂಚಿಕೆಯ ಸಂಗ್ರಹವನ್ನು, ಬಳಸುತ್ತಿದ್ದೇವೆ.

ತೊಂದರೆ ಏನೆಂದರೆ, ಟ್ಯಾಗ್‌ಗಳ ಪಟ್ಟಿಯಲ್ಲಿ ‘ಕೆಆರ್‌ಎಸ್’ ಎಂಬುದು ಎರಡು ಸಲ ಬಂದಿದೆ. ಒಂದನ್ನು ಒತ್ತಿದರೆ ಹದಿನೇಳು ಕೊಂಡಿಗಳು, ಇನ್ನೊಂದನ್ನು ಒತ್ತಿದರೆ ಒಂಬತ್ತು ಕೊಂಡಿಗಳು ಸಿಗುತ್ತವೆ. ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದರೂ ಯಾವ ವ್ಯತ್ಯಾಸವೂ ಕಾಣಲಿಲ್ಲ. ಇದಲ್ಲದೆ ಯಾರೂ ಬರೆಯದ ಹತ್ತಾರು ಇಂಗ್ಲಿಷ್ ಟ್ಯಾಗ್‌ಗಳೂ ಪಟ್ಟಿಯಲ್ಲಿ ಸೇರಿಕೊಂಡಿವೆ. ಜೊತೆಗೆ ಕೆಆರ್‌ಎಸ್ ಅಣೆಕಟ್ಟೆಗೇ ಕನ್ನಂಬಾಡಿ, ಕೃಷ್ಣರಾಜಸಾಗರ ಎಂದೂ, ಅದರ ನಾಲೆಗೆ ಇರ್ವಿನ್ ನಾಲೆ, ವಿಶ್ವೇಶ್ವರಯ್ಯ ನಾಲೆ, ವಿಸಿ ನಾಲೆ ಎಂದೂ ಒಂದೇ ವಸ್ತುವಿಗೆ ಹಲವು ಹೆಸರುಗಳಿವೆ. ಇವೆಲ್ಲವನ್ನೂ ಒಂದೊಂದು ಹೆಸರಿಗೆ ಇಳಿಸುವ ಸುಲಭ ದಾರಿಯಿದ್ದರೆ ದಯವಿಟ್ಟು ತಿಳಿಸಿ. ಹುಡುಕಿದವರಿಗೆ ಅರ್ಧ ಸಾಮಗ್ರಿ ಮಾತ್ರ ಸಿಗುವಂತಿದ್ದರೆ, ಸಂಗ್ರಹದ ಮೇಲೆ ಮಕ್ಕಳಿಗೆ ನಂಬಿಕೆಯೇ ಹೋಗುತ್ತದೆ.

ಅಕ್ಷರಜೋಡಣೆ (ಮೈಸೂರು):

ಮೇಡಂ, ಏನನ್ನೂ ಅಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಆ ಎರಡು ಟ್ಯಾಗ್‌ಗಳನ್ನೂ ನಕಲು ಮಾಡಿ ಲಿಬ್ರೆ ಆಫೀಸ್ ಅಥವಾ ಎಕ್ಸೆಲ್‌ನ ಎರಡು ಕೋಶಗಳಲ್ಲಿ ಅಂಟಿಸಿ, ಪಕ್ಕದಲ್ಲಿ ಲೆನ್ ಸೂತ್ರ ಹಾಕಿ ಉದ್ದವನ್ನು ಎಣಿಸಿ. ಬಂದ ಅಂಕಿಗಳನ್ನು ಇಲ್ಲಿ ಬರೆಯಿರಿ.

ನಾಲೆಬಯಲು:

ಒಂದಕ್ಕೆ 8, ಇನ್ನೊಂದಕ್ಕೆ 9 ಬಂದಿದೆ. ಕಣ್ಣಿಗೆ ಎರಡೂ ಒಂದೇ.

ಅಕ್ಷರಜೋಡಣೆ:

ಹಾಗಾದರೆ ಕಾರಣ ಸಿಕ್ಕಿತು. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ಈ ಪದವು ಕ, ಎತ್ವ, ಆ, ರ, ಹಲಂತ, ಎ, ಸ, ಹಲಂತ ಎಂಬ ಎಂಟು ಸಂಕೇತಗಳಿಂದ ಆಗುತ್ತದೆ. ಒಂಬತ್ತನೆಯದು ‘ಝೀರೋ ವಿಡ್ತ್ ನಾನ್ ಜಾಯ್ನರ್’ ಎಂಬ ಅಗಲವೇ ಇಲ್ಲದ ಸಂಕೇತ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ವಕಾರವು ಒತ್ತಾಗಿ ಕೆಳಗಿಳಿಯದಂತೆ ತಡೆಯುವುದು ಅದರ ಕೆಲಸ. ಅಲ್ಲಿ ಅದನ್ನು ಬಿಟ್ಟರೆ ಪದದ ರೂಪವೇ ಬದಲಾಗುವುದರಿಂದ ತಪ್ಪು ಕೂಡಲೇ ಗೊತ್ತಾಗುತ್ತದೆ. ಆದರೆ ‘ಕೆಆರ್‌ಎಸ್’ನಲ್ಲಿ ರ್ ಆದ ಮೇಲೆ ಬರುವುದು ಸ್ವರಾಕ್ಷರವಾದ ಎ, ಸ್ವರಾಕ್ಷರವು ಒತ್ತಾಗುವುದಿಲ್ಲವಾದ್ದರಿಂದ ಆ ಸಂಕೇತ ಇದ್ದರೂ ಇಲ್ಲದಿದ್ದರೂ ಪದ ಒಂದೇ ರೀತಿ ಕಾಣುತ್ತದೆ. ಕೆಲವು ಕೀಲಿಮಣೆಗಳ ಪದಸೂಚನೆಯಲ್ಲಿ ಆ ಸಂಕೇತ ಸೇರಿಕೊಂಡೇ ಬರುತ್ತದೆ, ಕೈಯಿಂದ ಅಕ್ಷರ ಅಕ್ಷರವಾಗಿ ಬೆರಳಚ್ಚಿಸಿದವರಲ್ಲಿ ಬರುವುದಿಲ್ಲ. ನಿಮ್ಮ ವಿದ್ಯಾರ್ಥಿಗಳದ್ದು ಏನೂ ತಪ್ಪಿಲ್ಲ.

ಪರಿಹಾರ ಸರಳ. ಟ್ಯಾಗ್ ಪಟ್ಟಿಯಲ್ಲಿ ಒಂದರ ಮೇಲೆ ಬಲ ಗುಂಡಿ ಒತ್ತಿ ಹೆಸರು ಬದಲಿಸುವ ಆಯ್ಕೆಯನ್ನು ತೆಗೆದುಕೊಂಡು, ಇನ್ನೊಂದು ಟ್ಯಾಗನ್ನು ನಕಲು ಮಾಡಿ ಅಂಟಿಸಿ. ಜೊಟೆರೊ ಎರಡನ್ನೂ ಒಂದಾಗಿಸುತ್ತದೆ. ಇಂಥವು ಇನ್ನೆಷ್ಟಿವೆ ಎಂದು ತಿಳಿಯಲು ಲೈಬ್ರರಿಯನ್ನು ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ಕಡತವಾಗಿ ಹೊರತೆಗೆಯಿರಿ. ಅದರಲ್ಲಿ ಕೈಯಿಂದ ಹಾಕಿದ ಟ್ಯಾಗ್‌ಗಳೂ ತಾನಾಗಿ ಬಂದ ಟ್ಯಾಗ್‌ಗಳೂ ಬೇರೆ ಬೇರೆ ಕಂಬಗಳಲ್ಲಿ ಇರುತ್ತವೆ. ಕೈಯಿಂದ ಹಾಕಿದ ಟ್ಯಾಗ್‌ಗಳ ಕಂಬಕ್ಕೆ ಸಬ್‌ಸ್ಟಿಟ್ಯೂಟ್ ಸೂತ್ರ ಹಾಕಿ, ಯೂನಿಚಾರ್ 8204 ಎಂಬುದನ್ನು, ಅಂದರೆ ಆ ಕಾಣದ ಸಂಕೇತವನ್ನು, ತೆಗೆದುಹಾಕಿದ ಪ್ರತಿಯೊಂದಿಗೆ ಮೂಲವನ್ನು ಹೋಲಿಸಿದರೆ ಆ ಸಂಕೇತವಿರುವ ಸಾಲುಗಳೆಲ್ಲ ಎದ್ದು ಕಾಣುತ್ತವೆ. ಇದು ಹುಡುಕಲು ಮಾತ್ರ. ‘ಸಾಫ್ಟ್‌ವೇರ್’ನಂಥ ಪದಗಳಿಗೆ ಆ ಸಂಕೇತ ಬೇಕೇ ಬೇಕು.

ಇಂಗ್ಲಿಷ್ ಟ್ಯಾಗ್‌ಗಳು ಲೇಖನದ ಪುಟದಲ್ಲಿರುವ ವಿಷಯಪದಗಳಿಂದ ತಾನಾಗಿ ಬಂದವು. ಟ್ಯಾಗ್ ಪಟ್ಟಿಯ ಮೆನುವಿನಿಂದ ಅವುಗಳನ್ನಷ್ಟೇ ಒಟ್ಟಿಗೆ ಅಳಿಸಬಹುದು. ಮುಂದೆ ಬಾರದಂತೆ ಮಾಡಲು ಪ್ರತಿಯೊಬ್ಬರೂ ತಮ್ಮ ಕಂಪ್ಯೂಟರಿನ ಜೊಟೆರೊ ಸೆಟ್ಟಿಂಗ್‌ನಲ್ಲಿ ತಾನಾಗಿ ಟ್ಯಾಗ್ ಸೇರಿಸುವ ಆಯ್ಕೆಯನ್ನು ತೆಗೆಯಬೇಕು.

ಸೂಚಿಪತ್ರ (ಮೈಸೂರು):

ನಾನು ಬಹಳ ವರ್ಷ ಗ್ರಂಥಾಲಯದಲ್ಲಿ ಸೂಚೀಕರಣದ ಕೆಲಸ ಮಾಡಿದವನು. ಅಕ್ಷರಜೋಡಣೆಯವರು ಹೇಳಿದ ಪರಿಹಾರ ಸರಿಯಾಗಿದೆ. ಆದರೆ ಮೇಡಂ ಕೇಳಿರುವ ಮೂರನೆಯ ವಿಷಯ, ಅಂದರೆ ಹಲವು ಹೆಸರುಗಳನ್ನು ಒಂದಕ್ಕೆ ಇಳಿಸುವುದು, ಮೊದಲ ಎರಡರ ಜಾತಿಗೆ ಸೇರಿದ್ದಲ್ಲ. ಅಲ್ಲಿ ದಯವಿಟ್ಟು ಕೈ ಹಾಕಬೇಡಿ.

ಕಾಣದ ಸಂಕೇತದಿಂದ ಒಡೆದ ಟ್ಯಾಗ್ ಯಂತ್ರದ ದೋಷ. ‘ಇರ್ವಿನ್ ನಾಲೆ’ ಮತ್ತು ‘ವಿಶ್ವೇಶ್ವರಯ್ಯ ನಾಲೆ’ ದೋಷವಲ್ಲ. ವೈಸರಾಯ್ ಹೆಸರಿನಲ್ಲಿದ್ದ ನಾಲೆಗೆ ಮುಂದೆ ವಿಶ್ವೇಶ್ವರಯ್ಯನವರ ಹೆಸರಿಡಲಾಯಿತು. ಹಳೆಯ ಕಡತ ಓದಿದ ವಿದ್ಯಾರ್ಥಿಗೆ ಮೊದಲನೆಯ ಹೆಸರು, ಈಚಿನ ವರದಿ ಓದಿದವರಿಗೆ ಎರಡನೆಯದು, ಗದ್ದೆಗೆ ನೀರು ಬಿಡುವ ಮನೆಯಿಂದ ಬಂದವರಿಗೆ ‘ವಿಸಿ ನಾಲೆ’ ಸಹಜವಾಗಿ ಬಂದಿವೆ. ಕನ್ನಂಬಾಡಿಯಂತೂ ಮುಳುಗಡೆಯಾದ ಊರಿನ ಹೆಸರು. ಇವನ್ನು ಒಂದೇ ಹೆಸರಿಗೆ ಇಳಿಸಿದರೆ ಯಾರು ಯಾವ ಮೂಲದಿಂದ ಬಂದರು ಎಂಬ ಸುಳಿವು ಅಳಿಸಿಹೋಗುತ್ತದೆ, ಮತ್ತು ಒಮ್ಮೆ ಕೂಡಿಸಿದ ಟ್ಯಾಗ್‌ಗಳನ್ನು ಮರಳಿ ಬೇರ್ಪಡಿಸುವ ಸಿದ್ಧ ದಾರಿ ಇಲ್ಲ. ಇತಿಹಾಸದ ತರಗತಿಗೆ ಇದಕ್ಕಿಂತ ದೊಡ್ಡ ನಷ್ಟ ಬೇರೆ ಬೇಕೇ?

ಓದುಗರೇ ಹೆಸರಿಡುವ ಈ ಪದ್ಧತಿಗೆ ತಾಮಸ್ ವಾಂಡರ್ ವಾಲ್ 2004ರಲ್ಲಿ ಫೋಕ್ಸಾನಮಿ ಎಂಬ ಹೆಸರು ಕೊಟ್ಟರು. ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರು ಪುಸ್ತಕಗಳನ್ನು ವಿಂಗಡಿಸಲು ರೂಪಿಸಿದ 1933ರ ಕೋಲನ್ ವರ್ಗೀಕರಣದಂಥ ಪದ್ಧತಿಗಳಲ್ಲಿ ಪರಿಣತರು ಮೊದಲೇ ಚೌಕಟ್ಟು ಹಾಕಿಕೊಡುತ್ತಾರೆ. ಇಲ್ಲಿ ಚೌಕಟ್ಟು ಬಳಕೆಯಿಂದ ಮೂಡುತ್ತದೆ. ಎರಡಕ್ಕೂ ಅದರದರ ಬೆಲೆಯಿದೆ, ನಿಮ್ಮ ತರಗತಿಗೆ ಎರಡೂ ಬೇಕು.

ನಾಲೆಬಯಲು:

ಸರ್, ನಿಮ್ಮ ಮಾತು ಮನಸ್ಸಿಗೆ ನಾಟಿತು. ನಾಳೆಯೇ ಎಲ್ಲವನ್ನೂ ಕೂಡಿಸುವವಳಿದ್ದೆ. ಆದರೂ ‘ಕೆಆರ್‌ಎಸ್’ ಎಂದು ಹುಡುಕಿದ ವಿದ್ಯಾರ್ಥಿಗೆ ‘ಕನ್ನಂಬಾಡಿ’ ಎಂದು ಗುರುತಿಸಿದ ಲೇಖನ ಸಿಗುವುದಿಲ್ಲವಲ್ಲ, ಅದಕ್ಕೇನು ಮಾಡಲಿ?

ಸೂಚಿಪತ್ರ:

ಸೂಚಿಪತ್ರದ ಕಾರ್ಡಿನಲ್ಲಿ ‘ಇದನ್ನೂ ನೋಡಿ’ ಎಂದು ಬರೆಯುತ್ತಿದ್ದೆವು. ಅದನ್ನೇ ಇಲ್ಲಿ ಮಾಡಿ. ಕಂಪ್ಯೂಟರಿನ ಜೊಟೆರೊದಲ್ಲಿ ವಿಸ್ತೃತ ಹುಡುಕಾಟ ತೆರೆದು, ಮೂರು ಟ್ಯಾಗ್‌ಗಳಲ್ಲಿ ಯಾವುದಾದರೊಂದು ಇದ್ದರೆ ಸಾಕು ಎಂಬ ಷರತ್ತು ಕೊಡಿ, ಆ ಹುಡುಕಾಟವನ್ನು ಉಳಿಸಿಡಿ. ಬಂದ ಫಲಿತಾಂಶವನ್ನೆಲ್ಲ ಆಯ್ದು, ಪಟ್ಟಿಯಲ್ಲಿರುವ ‘ಅಣೆಕಟ್ಟೆ’ ಎಂಬ ಸಾಮಾನ್ಯ ಟ್ಯಾಗ್‌ನ ಮೇಲೆ ಎಳೆದು ಬಿಡಿ. ವಿದ್ಯಾರ್ಥಿಗಳು ಇಟ್ಟ ಹೆಸರೂ ಉಳಿಯುತ್ತದೆ, ಮೊಬೈಲಿನಲ್ಲಿ ಹುಡುಕುವವರಿಗೆ ಎಲ್ಲವೂ ಒಂದೆಡೆ ಸಿಗುತ್ತದೆ. ಇಂಥ ಸಾಮಾನ್ಯ ಟ್ಯಾಗ್‌ಗಳು ಒಂಬತ್ತನ್ನು ಮೀರದಿರಲಿ, ಏಕೆಂದರೆ ಜೊಟೆರೊ ಒಂಬತ್ತು ಟ್ಯಾಗ್‌ಗಳಿಗೆ ಬಣ್ಣ ಕೊಡಲು ಬಿಡುತ್ತದೆ. ಅವನ್ನು ಬರೆಯದೆ, 1ರಿಂದ 9ರವರೆಗಿನ ಅಂಕಿಯ ಕೀಲಿ ಒತ್ತಿಯೇ ಹಾಕಬಹುದು. ಬೆರಳಚ್ಚಿಸದಿದ್ದರೆ ಕಾಣದ ಸಂಕೇತ ನುಸುಳುವ ಪ್ರಶ್ನೆಯೂ ಇಲ್ಲ.

ಇನ್ನೊಂದು ಮಾತು. ಡೆಲಿಷಿಯಸ್ 2003ರಲ್ಲಿ ಶುರುವಾಗಿ, 2005ರಲ್ಲಿ ಯಾಹೂ ಕೈಸೇರಿ, 2017ರಲ್ಲಿ ಪಿನ್‌ಬೋರ್ಡ್ ಎಂಬ ಇನ್ನೊಂದು ಬುಕ್‌ಮಾರ್ಕ್ ತಾಣದ ಪಾಲಾಗಿ ಹೊಸ ಕೊಂಡಿ ಸೇರಿಸಲಾಗದ ಸ್ಥಿತಿಗೆ ಬಂತು. ಸಂಶೋಧಕರು ನೆಚ್ಚಿಕೊಂಡಿದ್ದ ಇಂಥದ್ದೇ ತಾಣಗಳಾದ ಕನೋಟಿಯಾ 2013ರಲ್ಲಿ, ಸೈಟ್‌ಯುಲೈಕ್ 2019ರಲ್ಲಿ ಮುಚ್ಚಿದವು. ಪ್ರತಿ ಸೆಮಿಸ್ಟರ್ ಮುಗಿದಾಗ ಸಂಗ್ರಹದ ಒಂದು ಪ್ರತಿಯನ್ನು ಹೊರತೆಗೆದು ವಿಭಾಗದಲ್ಲಿ ಇಟ್ಟುಕೊಳ್ಳಿ.

ಅಕ್ಷರಜೋಡಣೆ:

ಪುಟಗಳ ಪ್ರತಿಯನ್ನು ಜೊಟೆರೊದಲ್ಲಿ ಇಡುವಾಗ ಜಾಗದ ಕಡೆಗೂ ಗಮನವಿರಲಿ. ಉಚಿತ ಖಾತೆಗೆ ಕಡತಗಳಿಗಾಗಿ ಸಿಗುವುದು 300 ಎಂಬಿ, ಮತ್ತು ಗುಂಪಿನ ಕಡತಗಳೆಲ್ಲ ಗುಂಪಿನ ಒಡೆಯರಾದ ನಿಮ್ಮ ಲೆಕ್ಕಕ್ಕೇ ಬರುತ್ತವೆ. ಪುಟಗಳ ಪೂರ್ಣ ಪ್ರತಿಯ ಬದಲು ಜಾಲಪುಟಗಳ ಪ್ರತಿಯನ್ನು ಕಾಪಿಡುವ ವೇಬ್ಯಾಕ್ ಮಷೀನ್ ತಾಣದಲ್ಲಿ ಪುಟವನ್ನು ಉಳಿಸಿ, ಅದರ ಕೊಂಡಿಯನ್ನು ಟಿಪ್ಪಣಿಯಲ್ಲಿ ಹಾಕಿಸಿ.

ನಾಲೆಬಯಲು:

ವಾರದ ನಂತರ ಬರೆಯುತ್ತಿದ್ದೇನೆ. ‘ಕೆಆರ್‌ಎಸ್’ ಈಗ ಒಂದೇ ಆಗಿದ್ದು ಇಪ್ಪತ್ತಾರು ಕೊಂಡಿಗಳು ಒಟ್ಟಿಗೆ ಸಿಗುತ್ತಿವೆ. ಸಿಎಸ್‌ವಿಯಲ್ಲಿ ಇದೇ ಬಗೆಯ ಇನ್ನೂ ಎರಡು ಜೋಡಿಗಳು ಸಿಕ್ಕವು, ಅವನ್ನೂ ಸರಿಪಡಿಸಿದೆ.

ನಾಲೆಯ ಮೂರು ಹೆಸರುಗಳನ್ನು ಹಾಗೆಯೇ ಉಳಿಸಿ, ಗುರುವಾರದ ತರಗತಿಯಲ್ಲಿ ಅವುಗಳನ್ನು ಪರದೆಯ ಮೇಲೆ ತೋರಿಸಿ, ಪ್ರತಿಯೊಂದು ಹೆಸರಿನಡಿ ಯಾವ ಕಾಲದ, ಯಾರು ಬರೆದ ಸಾಮಗ್ರಿ ಇದೆ ಎಂದು ನೋಡಲು ಹೇಳಿದೆ. 1924ರ ಮೈಸೂರು–ಮದರಾಸು ಒಪ್ಪಂದದ ಕುರಿತ ಲೇಖನಗಳಿಗೆ ಕೆಲವರು ‘ಒಪ್ಪಂದ’ ಎಂದೂ ಕೆಲವರು ‘ಅನ್ಯಾಯ’ ಎಂದೂ ಟ್ಯಾಗ್ ಹಾಕಿದ್ದನ್ನು ಒಬ್ಬ ವಿದ್ಯಾರ್ಥಿನಿಯೇ ಎತ್ತಿ ತೋರಿಸಿದಳು. ಆ ಎರಡು ಪದಗಳ ಮೇಲೆ ಒಂದು ಗಂಟೆ ಚರ್ಚೆ ನಡೆಯಿತು. 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಕರ್ನಾಟಕದ ಪಾಲು 270ರಿಂದ 284.75 ಟಿಎಂಸಿಗೆ ಏರಿದ ಭಾಗಕ್ಕೆ ಯಾವ ಟ್ಯಾಗ್ ಹಾಕಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಗುರುವಾರ ಅಲ್ಲಿಂದಲೇ ಪಾಠ ಮುಂದುವರಿಸುತ್ತೇನೆ. ಇಬ್ಬರಿಗೂ ಕೃತಜ್ಞತೆಗಳು.